ಕಿಲೋಮೀಟರಿಗೆ ಶುಲ್ಕ: ಮೊದಲು ತೂಕ, ಆಮೇಲೆ ಜಿಪಿಎಸ್

ಪೆಟ್ರೋಲ್, ಡೀಸೆಲ್ ಮೇಲಿನ ತೆರಿಗೆಯನ್ನು ಬೈಯದವರಿಲ್ಲ. ಆದರೆ ವಸೂಲಿ ಮಾಡುವವರಿಗೆ ಅದರಷ್ಟು ಸಲೀಸಾದ ತೆರಿಗೆ ಸಿಗುವುದು ಅಪರೂಪ. ಬೆರಳೆಣಿಕೆಯ ತೈಲ ಕಂಪನಿಗಳಿಂದ ಹಣ ಬಂದು ಬೀಳುತ್ತದೆ, ಲಕ್ಷಾಂತರ ವಾಹನ ಮಾಲೀಕರ ಬೆನ್ನು ಹತ್ತಬೇಕಾಗಿಲ್ಲ. ವಿದ್ಯುತ್ ವಾಹನ ಈ ಲೆಕ್ಕವನ್ನು ಕೆಡಿಸಿದೆ. ಅದೂ ರಸ್ತೆಯನ್ನು ಸವೆಸುತ್ತದೆ, ಪೆಟ್ರೋಲ್ ಬಂಕಿನ ಕಡೆ ಮಾತ್ರ ಸುಳಿಯುವುದಿಲ್ಲ.

ಹಾಗಾಗಿ ಓಡಿದ ಕಿಲೋಮೀಟರಿಗೆ ಇಷ್ಟು ಎಂದು ಶುಲ್ಕ ಹಾಕುವ ಮಾತು ಎದ್ದಿದೆ. ಇಂಥ ಚರ್ಚೆಗಳಲ್ಲಿ ಮಾತು ಬಹುಬೇಗ, ವಾಹನದ ಓಟವನ್ನು ಉಪಗ್ರಹದ ನೆರವಿನಿಂದ ಅಳೆಯುವ ಜಿಪಿಎಸ್ ಪೆಟ್ಟಿಗೆಯತ್ತ ಹೊರಳುತ್ತದೆ. ಪೆಟ್ಟಿಗೆ ಮಾರುವವರು ಸಭೆಯಲ್ಲಿದ್ದರಂತೂ ಕೇಳುವುದೇ ಬೇಡ. ನ್ಯೂಜಿಲೆಂಡ್ ಈ ಶುಲ್ಕವನ್ನು 1978ರಲ್ಲೇ ಉಪಗ್ರಹದ ಹಂಗಿಲ್ಲದೆ ಆರಂಭಿಸಿತು. ಡೀಸೆಲ್ ಹೊಲದ ಟ್ರ್ಯಾಕ್ಟರಿಗೂ ದೋಣಿಗೂ ಬೇಕಾದ್ದರಿಂದ ಅಲ್ಲಿ ಇಂಧನವನ್ನು ಬಿಟ್ಟು ರಸ್ತೆಯ ಓಟವನ್ನೇ ಹಿಡಿದರು. ಮಾಲೀಕರು 1,000 ಕಿ.ಮೀ. ಲೆಕ್ಕದಲ್ಲಿ ಮುಂಗಡವಾಗಿ ಪರವಾನಗಿ ಕೊಳ್ಳುತ್ತಾರೆ. ಓಡಿದ ದೂರ ತೋರಿಸುವ ಓಡೋಮೀಟರ್ ಎಲ್ಲಿಗೆ ಮುಟ್ಟುವವರೆಗೆ ಹಣ ಕಟ್ಟಿದೆ ಎಂಬುದು ಮುಂಗಾಜಿನ ಚೀಟಿಯಲ್ಲಿರುತ್ತದೆ. ತಪಾಸಣೆ ಎಂದರೆ ಎರಡು ಅಂಕಿಗಳನ್ನು ತಾಳೆ ನೋಡುವುದು. ಭಾರೀ ಲಾರಿಗಳಿಗೆ ಚಕ್ರದ ನಡುವಿನ ಗುಂಬಕ್ಕೇ ಪ್ರತ್ಯೇಕ ಮಾಪಕ. ಮೀಟರ್ ತಿರುಚುವವರು ಅಲ್ಲಿಯೂ ಇದ್ದಾರೆ, ಆದರೆ ವ್ಯವಸ್ಥೆ ನಡೆದುಕೊಂಡು ಬಂದಿದೆ. 2024ರ ಏಪ್ರಿಲ್‌ನಿಂದ ವಿದ್ಯುತ್ ಕಾರುಗಳೂ 1,000 ಕಿ.ಮೀ.ಗೆ 76 ನ್ಯೂಜಿಲೆಂಡ್ ಡಾಲರ್ ಕಟ್ಟುತ್ತಿವೆ. ಚಾರ್ಜ್ ಮಾಡಿಯೂ ಪೆಟ್ರೋಲ್ ಹಾಕಿಯೂ ಓಡಿಸಬಹುದಾದ ಪ್ಲಗ್-ಇನ್ ಹೈಬ್ರಿಡ್‌ಗಳಿಗೆ ಗೊತ್ತುಮಾಡಿದ್ದು 38 ಡಾಲರ್. ಪೆಟ್ರೋಲ್ ಮೇಲಿನ ಸುಂಕವನ್ನೂ ಅವು ಕಟ್ಟುತ್ತವಲ್ಲ!

ದೂರ ಅಳೆಯುವುದು ಸುಲಭದ ಅರ್ಧ. ರಸ್ತೆಯನ್ನು ನಿಜವಾಗಿ ಹಾಳುಮಾಡುವುದು ಆಕ್ಸಲ್, ಅಂದರೆ ಎರಡು ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚಿನ ಮೇಲಿನ ಭಾರ. ಅಮೆರಿಕದ ಇಲಿನಾಯ್‌ನಲ್ಲಿ 1950ರ ದಶಕದ ಕೊನೆಯಲ್ಲಿ ಪರೀಕ್ಷಾ ರಸ್ತೆಗಳನ್ನು ಕಟ್ಟಿ, ಅವುಗಳ ಮೇಲೆ ಲಾರಿಗಳನ್ನು ಎಡೆಬಿಡದೆ ಓಡಿಸಿ ನೋಡಿದರು. ಸವೆತ ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತದಲ್ಲಿ ಏರುತ್ತದೆ, ಅಂದರೆ ಭಾರ ಎರಡು ಪಟ್ಟಾದರೆ ಸವೆತ 16 ಪಟ್ಟಾಗುತ್ತದೆ ಎಂಬ ಸೂತ್ರ ಅಲ್ಲಿಂದ ಬಂತು. ರಸ್ತೆಯ ರಚನೆಗೆ ತಕ್ಕಂತೆ ಘಾತ ಹೆಚ್ಚು ಕಡಿಮೆಯಾಗುತ್ತದೆ, ಒಪ್ಪಿದೆ. ಆದರೂ ಲೆಕ್ಕ ಹಾಕಿ: 1 ಟನ್ ಹೊತ್ತ ಕಾರಿನ ಆಕ್ಸಲ್‌ಗಿಂತ 10 ಟನ್ ಹೊತ್ತ ಲಾರಿಯ ಆಕ್ಸಲ್ 10,000 ಪಟ್ಟು ಸವೆತ ತರುತ್ತದೆ. ಆ ಲಾರಿ ಕಾರಿನ 10,000 ಪಟ್ಟು ಡೀಸೆಲ್ ಕುಡಿಯುವುದಿಲ್ಲ. ಇಂಧನ ತೆರಿಗೆಯ ಹಳೆಯ ಅನ್ಯಾಯ ಇದು. 20 ಟನ್ ಭಾರವನ್ನು ಎರಡರ ಬದಲು ಮೂರು ಆಕ್ಸಲ್‌ಗಳಿಗೆ ಸಮನಾಗಿ ಹಂಚಿದರೆ ಅದೇ ಸೂತ್ರದಂತೆ ಸವೆತ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿಯುತ್ತದೆ. ದರಪಟ್ಟಿಯಲ್ಲಿ ತೂಕದ ಜೊತೆ ಆಕ್ಸಲ್ ಸಂಖ್ಯೆಯನ್ನೂ ಸೇರಿಸಿದರೆ, ಇನ್ನೊಂದು ಆಕ್ಸಲ್ ಇರುವ ಲಾರಿ ಕೊಳ್ಳಲು ಸಾಗಣೆದಾರರಿಗೆ ಯಾರೂ ಉಪದೇಶ ಮಾಡಬೇಕಿಲ್ಲ.

ದಟ್ಟಣೆ ಶುಲ್ಕವನ್ನು ಇದರೊಳಗೆ ತುರುಕುವುದಕ್ಕೆ ನನ್ನ ಸಮ್ಮತಿಯಿಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ 2006ರ ಪ್ರಯೋಗದಲ್ಲಿ ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು ಐದನೇ ಒಂದರಷ್ಟು ಇಳಿದವು. ಅದರ ಗುರಿಯೇ ಅದು: ನಿರ್ದಿಷ್ಟ ಹೊತ್ತಿನಲ್ಲಿ, ನಿರ್ದಿಷ್ಟ ಜಾಗದಲ್ಲಿ ಜನ ಕಾರು ತರದಂತೆ ಮಾಡುವುದು. ದುರಸ್ತಿಯ ಖರ್ಚಿಗೆ ಅದನ್ನೇ ನೆಚ್ಚಿಕೊಂಡ ಇಲಾಖೆಗೆ ರಸ್ತೆ ಖಾಲಿಯಾದರೆ ಸಂಕಟ.

ಇನ್ನು ಕಾನೂನು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2021ರಲ್ಲಿ ವಿದ್ಯುತ್ ವಾಹನಗಳಿಗೆ ಕಿಲೋಮೀಟರ್ ಶುಲ್ಕ ಹಾಕಿತು. ಇದು ಅಬಕಾರಿ ಸುಂಕ, ಅಂದರೆ ಸರಕಿನ ಮೇಲಿನ ತೆರಿಗೆ, ಇದನ್ನು ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಎಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯ 2023ರ ಅಕ್ಟೋಬರ್‌ನಲ್ಲಿ ಅದನ್ನು ರದ್ದುಪಡಿಸಿತು. ವಸೂಲಾದ ಹಣವನ್ನು ಸರ್ಕಾರ ಮಾಲೀಕರಿಗೆ ಹಿಂತಿರುಗಿಸಬೇಕಾಯಿತು.