ಶರ್ಯತ್ತನ್ನು ಷರತ್ತು ಅಂತ ಬರೆದಾಗ

ಹೋದ ವಾರ ಒಂದು ಲೇಖನ ತಿದ್ದುತ್ತಿದ್ದೆ. ಪುಣೆ ಜಿಲ್ಲೆಯ ಖೇಡ್, ಜುನ್ನರ್ ಕಡೆಯ ಎತ್ತಿನ ಗಾಡಿ ಓಟದ ಬಗ್ಗೆ ಮರಾಠಿಯಲ್ಲಿ ಬರೆದದ್ದು. ಕನ್ನಡ ಪತ್ರಿಕೆಯೊಂದಕ್ಕೆ ಹೋಗಬೇಕಿತ್ತು. ಮೂಲದಲ್ಲಿ 'ಬೈಲಗಾಡಾ ಶರ್ಯತ್' ಅಂತ ಇತ್ತು. ನನ್ನ ಜೊತೆ ಹೊಸದಾಗಿ ಅನುವಾದ ಕಲಿಯುತ್ತಿರುವ ಹುಡುಗಿ ಅದನ್ನು 'ಎತ್ತಿನ ಗಾಡಿ ಷರತ್ತು' ಮಾಡಿದ್ದಳು. ಓದಿದವರಿಗೆ ಗಾಡಿ ಹೂಡೋಕೆ ಯಾರೋ ನಿಯಮ ಹಾಕಿದ್ದಾರೆ ಅನ್ನಿಸುತ್ತದೆ.

ನಾನು ಅವಳನ್ನು ಬೈಯಲಿಲ್ಲ. ಅವಳ ಕಿವಿ ಸರಿಯಾಗೇ ಇತ್ತು, ಎರಡೂ ಒಂದೇ ಬೇರಿನ ಪದಗಳು. ಅರಬ್ಬಿಯ 'ಶರ್ತ್' ಅಂದರೆ ಕರಾರು. 'ಸೋತರೆ ಇಷ್ಟು ಕೊಡಬೇಕು' ಅನ್ನುವುದೂ ಕರಾರೇ ಅಲ್ವಾ? ಹಾಗೆ ಕರಾರು ಬಾಜಿಯಾಯಿತು, ಬಾಜಿ ಕಟ್ಟಿದ ಓಟಕ್ಕೂ ಅದೇ ಹೆಸರು ಬಂತು. ಹಿಂದಿಯವರು ಇವತ್ತಿಗೂ ಬಾಜಿಗೆ 'ಶರ್ತ್' ಅಂತಾರೆ. ಮರಾಠಿಯಲ್ಲಿ ಶರ್ಯತ್ ಅಂದರೆ ಓಟದ ಪಂದ್ಯ. ಗೋವಾದ ಕೊಂಕಣಿಯಲ್ಲಿ ನಾಟಕ ಸ್ಪರ್ಧೆಗೂ 'ಸರ್ತ್' ಅನ್ನುತ್ತಾರೆ. ನಮ್ಮ ಕಾಗದಪತ್ರದ ಕನ್ನಡ ಮಾತ್ರ ಹಳೇ ಕರಾರನ್ನೇ ಹಿಡಿದುಕೊಂಡು 'ಷರತ್ತುಗಳು ಅನ್ವಯ' ಅನ್ನುತ್ತದೆ. ಆದರೆ ಬೆಳಗಾವಿ, ವಿಜಯಪುರದ ಕಡೆ ಹೋಗಿ ಕೇಳಿ. ಗಾಡಿ ಓಟಕ್ಕೆ ಅಲ್ಲಿ ಶರ್ಯತ್ತು ಅಂತಲೇ ಹೇಳ್ತಾರೆ.

ಪಂದ್ಯ ಪದದ ಕಥೆಯೂ ಹೀಗೇ. ಈಗ ಕ್ರಿಕೆಟ್ ಪಂದ್ಯ ಅಂತೀವಿ. ಆದರೆ 'ಪಂದ್ಯ ಕಟ್ಟು' ಅಂದರೆ ಪಣ ಇಡು ಅಂತ. ತಮಿಳಿನ 'ಪಂದಯಂ' ಬಾಜಿಯೂ ಹೌದು, ಓಟವೂ ಹೌದು.

ಸ್ಪರ್ಧೆ ಸಂಸ್ಕೃತದ್ದು. ಮೇಲುಗೈಗಾಗಿ ಸೆಣಸುವುದು ಅದರ ಹಳೆಯ ಅರ್ಥ, ಹೊಟ್ಟೆಕಿಚ್ಚಿನ ನೆರಳೂ ಅದಕ್ಕಿದೆ. ಅಲ್ಲಿ ಇಬ್ಬರು ಎದುರುಬದುರು ನಿಂತಿದ್ದಾರೆ, ಬಹುಮಾನ ಕಾಣುವುದಿಲ್ಲ. ಇಂಗ್ಲಿಷಿನ 'ಕಾಂಪಿಟಿಷನ್' ಬೇರೆ ದಾರಿಯಿಂದ ಬಂದದ್ದು. ಅದು ಲ್ಯಾಟಿನ್ನಿನ 'ಕೊಂಪೆಟೆರೆ'ಯಿಂದ ಹುಟ್ಟಿದೆ. 'ಕೊಂ' ಅಂದರೆ ಜೊತೆಗೆ, 'ಪೆಟೆರೆ' ಅಂದರೆ ಅರಸು, ಒಂದರತ್ತ ನುಗ್ಗು. ಮೊದಲು ಅದಕ್ಕೆ ಕೂಡಿಬರುವುದು, ಹೊಂದುವುದು ಅನ್ನುವ ಅರ್ಥವಿತ್ತು. ಒಂದೇ ವಸ್ತುವಿಗೆ ಹಲವರು ಕೈಚಾಚುವುದು ಅನ್ನುವ ಅರ್ಥ ಆಮೇಲಿನದು. ಇಂಗ್ಲಿಷಿಗೆ ಈ ಪದ ಬಂದದ್ದು 17ನೇ ಶತಮಾನದ ಶುರುವಿನ ಹೊತ್ತಿಗೆ. 'ಕಾಂಪಿಟೆಂಟ್' ಇದರ ಒಡಹುಟ್ಟು. ಸರ್ಕಾರಿ ಕಾಗದದಲ್ಲಿ ನಾವು 'ಸಕ್ಷಮ ಪ್ರಾಧಿಕಾರ' ಅಂತ ಬರೀತೀವಲ್ಲ, ಆ 'ಸಕ್ಷಮ'ದ ಇಂಗ್ಲಿಷ್ ಇದೇ. ಹಳೆಯ 'ಹೊಂದುವ' ಅರ್ಥ ಅದರಲ್ಲಿ ಉಳಿದಿದೆ. ಇನ್ನೊಂದು ನಂಟು ನನಗೆ ತುಂಬಾ ಇಷ್ಟ. 'ಪೆಟೆರೆ' ಮತ್ತು ಸಂಸ್ಕೃತದ 'ಪತ್' ಧಾತು ದೂರದ ದಾಯಾದಿಗಳು. ಹಾರುವುದು, ಬೀಳುವುದು ಎರಡೂ 'ಪತ್'. ಸಂಕ್ರಾಂತಿಗೆ ಮಕ್ಕಳು ದಾರ ಕೊಯ್ಯುತ್ತಾ ಹಾರಿಸುವ 'ಪತಂಗ', ಅಂದರೆ ಗಾಳಿಪಟ, ಆ ಮನೆತನದ್ದೇ.

ಇದೆಲ್ಲ ಸುಮ್ನೆ ಪಾಂಡಿತ್ಯಕ್ಕೆ ಹೇಳುತ್ತಿಲ್ಲ. ಕೆಲಸದಲ್ಲಿ ಇದು ಅಡ್ಡ ಬರುತ್ತದೆ. ಒಮ್ಮೆ 2002ರ ಕಾಂಪಿಟಿಷನ್ ಕಾಯ್ದೆಯ ಬಗ್ಗೆ ನಮ್ಮ ಕಡೆಯ ಹೋಟೆಲಿನವರಿಗೆ ಒಂದು ಟಿಪ್ಪಣಿ ಬರೆದುಕೊಡಬೇಕಿತ್ತು. 'ಪೈಪೋಟಿಯನ್ನು ಕಾಪಾಡುವ ಕಾಯ್ದೆ' ಅಂತ ಬರೆದೆ. ಉಡುಪಿ ಕಡೆಯ ಹಿರಿಯರೊಬ್ಬರು ಓದಿ ಕನ್ನಡಕ ತೆಗೆದು ಕೇಳಿದರು: "ಪೈಪೋಟಿ ಅಂದ್ರೆ ಒಬ್ಬರನ್ನೊಬ್ಬರು ಮುಳುಗಿಸೋದು. ಅದನ್ನ ಯಾಕೆ ಕಾಪಾಡಬೇಕು? ನಾವೆಲ್ಲ ಕೂತು ಚಹಾಕ್ಕೆ ಒಂದೇ ರೇಟು ಇಟ್ಟರೆ ಅದು ಒಗ್ಗಟ್ಟಲ್ವಾ?"

ಆ ಕಾಯ್ದೆಯ 3ನೇ ಕಲಂ ತಡೆಯುವುದು ಅಂಥ ಒಪ್ಪಂದಗಳನ್ನೇ. ವ್ಯಾಪಾರಿಗಳು ಒಳಗೊಳಗೇ ಸೇರಿ ಬೆಲೆ ಕಟ್ಟಬಾರದು. ನಾನು ಅವರಿಗೆ ಹೀಗೆ ಹೇಳಿದೆ: ನಿಮ್ಮಿಬ್ಬರ ಜಗಳ ಕಾನೂನಿಗೆ ಬೇಕಿಲ್ಲ, ನೀವಿಬ್ಬರೂ ಒಂದೇ ಗಿರಾಕಿಯನ್ನು ಕರೆಯುತ್ತಿರಬೇಕು, ಅಷ್ಟೇ. ಅವರು ತಲೆಯಾಡಿಸಿದರು. ಟಿಪ್ಪಣಿಯಲ್ಲಿ ಆಮೇಲೆ 'ಮುಕ್ತ ಸ್ಪರ್ಧೆ' ಅಂತ ತಿದ್ದಿ, ಕೆಳಗೆ ಇದೇ ಗಿರಾಕಿಯ ಮಾತು ಸೇರಿಸಿದೆ.

ಅವತ್ತಿನಿಂದ 'ಕಾಂಪಿಟಿಷನ್' ಪದ ಬಂದಾಗಲೆಲ್ಲ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇವರೆಲ್ಲ ಯಾವುದಕ್ಕೆ ಕೈಚಾಚಿದ್ದಾರೆ? ಪುಣೆಯ ಸದಾಶಿವ ಪೇಠೆಯ ಓದುಕೋಣೆಗಳಲ್ಲಿ ರಾತ್ರಿಯಿಡೀ ಕೂತವರಿಗೆ ಅದು ಸರ್ಕಾರಿ ಹುದ್ದೆ. ಆ ಹುದ್ದೆಗಾಗಿ ಬರೆಯುವ ಪರೀಕ್ಷೆಯನ್ನು ಮರಾಠಿಯವರು ಚಿಕ್ಕದಾಗಿ 'ಸ್ಪರ್ಧಾ ಪರೀಕ್ಷಾ' ಅಂತಾರೆ. ನಾವು 'ಸ್ಪರ್ಧಾತ್ಮಕ ಪರೀಕ್ಷೆ' ಅಂತ ಉದ್ದ ಎಳೆದಿದ್ದೇವೆ. ಆ 'ಆತ್ಮಕ' ಬೇಕಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಎತ್ತಿನ ಗಾಡಿಗೆ ಬರುತ್ತೇನೆ. ಇಂಥ ಓಟಗಳನ್ನು ಸುಪ್ರೀಂ ಕೋರ್ಟ್ 2014ರಲ್ಲಿ ನಿಲ್ಲಿಸಿತ್ತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಜಲ್ಲಿಕಟ್ಟು, ಕಂಬಳದ ಕಾಯ್ದೆಗಳ ಜೊತೆಗೆ, ನಿಯಮ ಹಾಕಿ ಈ ಓಟಕ್ಕೆ ಅನುಮತಿ ಕೊಡುವ ಮಹಾರಾಷ್ಟ್ರದ ಕಾಯ್ದೆಯನ್ನೂ ಎತ್ತಿಹಿಡಿಯಿತು. ಅಂದರೆ ಈಗ ಶರ್ಯತ್ತಿಗೆ ನಿಜವಾಗಿಯೂ ಷರತ್ತುಗಳಿವೆ. ನಮ್ಮ ಹುಡುಗಿಗೆ ಇದನ್ನು ಹೇಳಿದಾಗ ಅವಳ ಮುಖ ಅರಳಿತು. ಕೊನೆಗೆ 'ಎತ್ತಿನ ಗಾಡಿ ಶರ್ಯತ್ತು' ಅಂತಲೇ ಉಳಿಸಿದೆವು. ಬೆಂಗಳೂರಿನ ಸಂಪಾದಕರು ಅದನ್ನು 'ಸ್ಪರ್ಧೆ' ಮಾಡಿಬಿಡಬಹುದು ಅನ್ನುವ ಭಯ ಇತ್ತು. ಹಾಗಾಗಿ ಅಂಚಿನಲ್ಲಿ ಅವಳ ಕೈಯಿಂದಲೇ ಬರೆಸಿ ಕಳಿಸಿದ್ದೇನೆ: 'ಇದು ವಿಜಯಪುರದ ಕನ್ನಡ. ದಯವಿಟ್ಟು ತಿದ್ದಬೇಡಿ.'