ಕೊಲೆಗಾರ ಯಾರು ಅಂತ ಗೊತ್ತಿದ್ರೂ ಬಾಯಿ ಬಿಡಬಾರದ ಕೆಲಸ

ಪರದೆ ಮೇಲೆ ನಡೆಯೋದನ್ನ ಕಣ್ಣು ಕಾಣದವರಿಗೆ ಮಾತುಗಳ ಮಧ್ಯದ ಗ್ಯಾಪಲ್ಲಿ ವಿವರಿಸಿ ಹೇಳೋದೇ ಆಡಿಯೋ ಡಿಸ್ಕ್ರಿಪ್ಷನ್, ನಾನು ಮಾಡೋ ಕೆಲಸ. ಅದು ಯಾಕೆ ಬೇಕು ಅಂತ ಯಾರಾದ್ರೂ ಕೇಳಿದ್ರೆ ನಾನು 'ದಿ ಥಿನ್ ಮ್ಯಾನ್' ಸಿನಿಮಾದ ಕ್ರಿಸ್‌ಮಸ್ ಸೀನ್ ಹಾಕಿ, ಕಣ್ಣು ಮುಚ್ಕೊಂಡು ಕೇಳಿ ಅಂತೀನಿ. 1934ರ ಎಂಜಿಎಂ ಸಿನಿಮಾ, ವಿಲಿಯಂ ಪವೆಲ್, ಮಿರ್ನಾ ಲಾಯ್ ಅದರಲ್ಲಿ ನಿಕ್, ನೋರಾ ಅನ್ನೋ ಗಂಡ ಹೆಂಡ್ತಿ, ಕಾಮಿಡಿನೂ ಹೌದು ಮರ್ಡರ್ ಮಿಸ್ಟರಿನೂ ಹೌದು. ಟಪ್, ಟಪ್ ಅಂತ ಸದ್ದು, ಆಮೇಲೆ ಗಾಜು ಒಡೆದ ಸದ್ದು. ಅಷ್ಟೊತ್ತಿಗೆ ಕಥೇಲಿ ಕೊಲೆ ಆಗಿಹೋಗಿರುತ್ತೆ, ಹಾಗಾಗಿ ಕಣ್ಣು ಮುಚ್ಕೊಂಡವರು ಇನ್ನೊಂದು ಹೆಣ ಬಿತ್ತು ಅಂದ್ಕೊಳ್ತಾರೆ. ನೋಡಿದ್ರೆ ನಿಕ್ ಸೋಫಾ ಮೇಲೆ ಬಿದ್ಕೊಂಡು ಏರ್‌ಗನ್ನಲ್ಲಿ ಕ್ರಿಸ್‌ಮಸ್ ಮರದ ಬಲೂನ್ ಒಡೀತಿರ್ತಾನೆ!

"ನಿಕ್ ಸೋಫಾದಲ್ಲಿ ಮಲಗಿ ಬಲೂನಿಗೆ ಗುರಿ ಇಡ್ತಾನೆ." ಇಷ್ಟೇ ಸಾಕು, ಆದ್ರೆ ಮೊದಲ ಟಪ್‌ಗಿಂತ ಮುಂಚೆ ಹೇಳಿ ಮುಗಿಸ್ಬೇಕು. ಕಿಟಕಿ ಗಾಜು ಒಡೆಯೋದನ್ನ ಮಾತ್ರ ಮುಂಚೆ ಹೇಳಿದ್ರೆ ಜೋಕ್ ಸತ್ತಂಗೆ.

ನೋರಾ ಮೊದಲ ಸಲ ಬರೋ ಸೀನೂ ಹಂಗೇ, ಇಲ್ಲಿ ನಮ್ಮ ಕನ್ನಡ ಸಹಾಯಕ್ಕೆ ಬರುತ್ತೆ, ಯಾಕಂದ್ರೆ ಕ್ರಿಯಾಪದ ಹೇಗಿದ್ರೂ ಕೊನೇಲೇ ಬರೋದು: "ಕೈತುಂಬ ಪೊಟ್ಟಣ ಹಿಡಿದ ನೋರಾ, ನಾಯಿ ಎಳೆದ ಕಡೆ ಓಡ್ತಾ, ನೆಲಕ್ಕೆ ಬೋರಲು ಬೀಳ್ತಾಳೆ." ನಗುವೂ ಸರಿಯಾದ ಜಾಗದಲ್ಲೇ ಬರುತ್ತೆ.

ಮಿಸ್ಟರಿಗೆ ಬಂದ್ರೆ ಅದೇ ಕ್ರಿಯಾಪದ ಕೈ ಕೊಡುತ್ತೆ. ಕತ್ತಲಲ್ಲಿ ಯಾರೋ ನಡ್ಕೊಂಡು ಬಂದ್ರು ಅಂತಿಟ್ಕೊಳ್ಳಿ, "ಬರ್ತಾನೆ" ಅಂದ್ರೆ ಗಂಡಸು ಅಂತ ಹೇಳಿಬಿಟ್ಟಂಗೆ, "ಬರ್ತಾಳೆ" ಅಂದ್ರೆ ಅರ್ಧ ಸಸ್ಪೆಕ್ಟ್‌ಗಳು ಲಿಸ್ಟಿಂದ ಔಟ್. "ಯಾರೋ ಬರ್ತಾರೆ" ಅಂತ ಗೌರವದ ಹಿಂದೆ ಬಚ್ಚಿಟ್ಕೋಬೇಕು, ಇಲ್ಲಾ "ಒಂದು ಕೈ ಬಾಗಿಲು ತೆಗೆಯುತ್ತೆ", "ಉದ್ದನೆ ನೆರಳು ಗೋಡೆ ಮೇಲೆ ಹಾಯುತ್ತೆ" ಅಂತ ಕೈಗೋ ನೆರಳಿಗೋ ಕೆಲಸ ಕೊಡ್ಬೇಕು. ನನ್ನ ಮೊದಲ ಸ್ಕ್ರಿಪ್ಟಲ್ಲಿ (ಬೇರೆ ಸಿನಿಮಾ) ಒಬ್ಬ ಪಾತ್ರ "ಕಳ್ಳನಂತೆ ಆಚೀಚೆ ನೋಡ್ತಾನೆ" ಅಂತ ಬರೆದಿದ್ದೆ, ಚೆಕ್ ಮಾಡೋಕೆ ಕೂತಿದ್ದ ಕಣ್ಣು ಕಾಣದ ಗೆಳೆಯರು ಹತ್ತನೇ ನಿಮಿಷಕ್ಕೇ "ಇವನೇ ಅಲ್ವಾ ಸರ್, ಇನ್ನು ಕಾಫಿ ಕುಡಿಯೋಣ" ಅಂದ್ರು.

ನನ್ನ ಪ್ರಕಾರ ಅತೀ ಕಷ್ಟದ್ದು ಕೊನೆಯ ಊಟದ ಸೀನ್. ನಿಕ್ ಎಲ್ಲಾ ಸಸ್ಪೆಕ್ಟ್‌ಗಳನ್ನೂ ಒಂದೇ ಟೇಬಲ್ಲಿಗೆ ಕರೆದಿರ್ತಾನೆ, ಬಡಿಸೋರೆಲ್ಲ ವೇಟರ್ ಡ್ರೆಸ್ ಹಾಕಿದ ಪೊಲೀಸರು, ತಟ್ಟೆ ಹಿಡಿಯೋ ರೀತೀಲೇ ಗೊತ್ತಾಗುತ್ತೆ. ನಿಕ್ ಮಾತಾಡ್ತಾನೇ ಇರ್ತಾನೆ, ನಮಗೆ ಸಿಗೋದು ಅಲ್ಲೊಂದು ಇಲ್ಲೊಂದು ಸೆಕೆಂಡ್. ಆ ಗ್ಯಾಪಲ್ಲಿ ಒಬ್ಬರ ಮುಖ ಮಾತ್ರ ವರ್ಣಿಸಿದ್ರೆ ಅವರೇ ಕೊಲೆಗಾರರು ಅಂತ ಬೆರಳು ತೋರಿಸಿದಂಗೆ, ಅದಕ್ಕೇ ಎಲ್ಲರಿಗೂ ಒಂದೊಂದು ಪದ ಹಂಚ್ಬೇಕು ಇಲ್ಲಾ ಯಾರಿಗೂ ಬೇಡ. ನಾನಂತೂ ವೇಟರ್‌ಗಳ ಬಗ್ಗೆ ಹೇಳಿ ಸುಮ್ನಾಗ್ತೀನಿ, ಅಲ್ಲಿರೋ ನಗು ಬಿಡೋಕೆ ಮನಸ್ಸಾಗಲ್ಲ.

ಟಿವಿಲಿ ಇದು ಹೇಗೆ ಬರ್ತಿತ್ತು ಅಂದ್ರೆ, ಅಮೆರಿಕದಲ್ಲಿ ಬಾಸ್ಟನ್‌ನ ಡಬ್ಲ್ಯುಜಿಬಿಎಚ್ ಸ್ಟೇಷನ್ 1990ರಲ್ಲಿ ಡಿಸ್ಕ್ರಿಪ್ಟಿವ್ ವಿಡಿಯೋ ಸರ್ವಿಸ್ ಶುರು ಮಾಡಿದಾಗ, ಸ್ಟೀರಿಯೋ ಟಿವಿಗಳ ಎಸ್‌ಎಪಿ ಅನ್ನೋ ಎರಡನೇ ಆಡಿಯೋ ಚಾನೆಲ್ ಬಳಸಿದ್ರು. ಬೇಕಾದವರು ಅದನ್ನ ಆನ್ ಮಾಡ್ಕೊಂಡ್ರೆ ವಿವರಣೆ ಕೇಳಿಸ್ತಿತ್ತು, ಬೇಡದವರಿಗೆ ಮಾಮೂಲಿ ಸಿನಿಮಾ. ಅದೇ ಚಾನೆಲಲ್ಲಿ ಸ್ಪ್ಯಾನಿಷ್ ಡಬ್ಬಿಂಗೂ ಬರ್ತಿತ್ತು, ಒಂದು ಜಾಗಕ್ಕೆ ಇಬ್ಬರು.

ಥಿನ್ ಮ್ಯಾನ್‌ನ ಕೊನೇ ಶಾಟಲ್ಲಿ ನಿಕ್ ನಾಯಿನ ಎತ್ತಿ ರೈಲಿನ ಮೇಲಿನ ಬರ್ತ್‌ಗೆ ಹಾಕ್ತಾನೆ, ಕೆಳಗಡೆ ಗಂಡ ಹೆಂಡ್ತಿ. "ನಾಯಿ ಮುಂಗಾಲಿಂದ ಕಣ್ಣು ಮುಚ್ಕೊಳ್ಳುತ್ತೆ" ಅಂತ ಹೇಳಿ ಮೈಕ್ ಆಫ್ ಮಾಡೋದು, ಕೆಳಗೆ ಏನಾಗ್ತಿದೆ ಅಂತ ಯಾರಿಗೂ ವಿವರಿಸಬೇಕಾಗಿಲ್ಲ.