ಔಷಧಿ ಪುಕ್ಕಟೆ ಸಿಗಬಹುದು, ಬಸ್ ಚಾರ್ಜಿಗೆ ಯಾರನ್ನು ಕೇಳಬೇಕು?

ಓದುಗರ ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ಅಪ್ಪಯ್ಯನಿಗೆ ಬಾಯಿ ಕ್ಯಾನ್ಸರ್ ಅಂತ ಹೋದ ತಿಂಗಳು ಗೊತ್ತಾಯಿತು. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಹೊಸ ಚಿಕಿತ್ಸೆಯ ಟ್ರಯಲ್ ನಡೆಯುತ್ತದೆ, ಅದಕ್ಕೆ ಸರ್ಕಾರದ ಅನುದಾನ ಇರುತ್ತದೆ ಅಂತ ನೆಂಟರೊಬ್ಬರು ಹೇಳಿದರು. ಆ ಅನುದಾನಕ್ಕೆ ನಾವು ಅರ್ಜಿ ಹಾಕಬಹುದಾ? ಅಪ್ಪಯ್ಯನ ಮೇಲೆ ಪ್ರಯೋಗ ಮಾಡಿಬಿಡುತ್ತಾರೆ ಅಂತ ಅಮ್ಮನಿಗೆ ಹೆದರಿಕೆ.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಅರ್ಜಿ ಹಾಕಲು ಬರುವುದಿಲ್ಲ. ಅನುದಾನ ಹೋಗುವುದು ಸಂಶೋಧನೆ ನಡೆಸುವ ವೈದ್ಯರಿಗೆ, ಅವರ ಆಸ್ಪತ್ರೆಗೆ. ಆದರೆ ಟ್ರಯಲ್‌ಗೆ ಸೇರಲು ನೀವು ಯಾವ ಅನುದಾನವನ್ನೂ ತರಬೇಕಾಗಿಲ್ಲ. ಅಪ್ಪಯ್ಯನ ಕಾಯಿಲೆಗೆ, ಅದರ ಹಂತಕ್ಕೆ ಹೊಂದುವ ಟ್ರಯಲ್ ನಡೆಯುತ್ತಿರಬೇಕು, ಅವರಿಗೆ ಒಪ್ಪಿಗೆ ಇರಬೇಕು. ಪರೀಕ್ಷೆಗಿಟ್ಟ ಔಷಧಿಗೆ ಸಾಮಾನ್ಯವಾಗಿ ರೋಗಿಯಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಹಾಗಾದರೆ ತೊಡಕು ಎಲ್ಲಿ? ಅದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ನಮ್ಮ ದೊಡ್ಡಮ್ಮ ತೀರ್ಥಹಳ್ಳಿ ಕಡೆಯವರು. ಸ್ತನ ಕ್ಯಾನ್ಸರ್ ಆದಾಗ ದೂರದ ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಟ್ರಯಲ್‌ಗೆ ಸೇರಿದರು. ಮೂರು ವಾರಕ್ಕೊಮ್ಮೆ ಹೋಗಬೇಕು. ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಇಳಿದು, ಬಸ್‌ಸ್ಟ್ಯಾಂಡಿನಲ್ಲೇ ಮುಖ ತೊಳೆದು ಆಸ್ಪತ್ರೆಯ ಸರದಿಯಲ್ಲಿ ನಿಲ್ಲುವುದು. ರಕ್ತ ಕೊಟ್ಟು ರಿಪೋರ್ಟ್ ಬರುವಷ್ಟರಲ್ಲಿ ಮಧ್ಯಾಹ್ನ. ಮೂರನೇ ಸಲ ಹೋದಾಗ ಬಿಳಿ ರಕ್ತಕಣ ಕಡಿಮೆ ಇದೆ, ಇವತ್ತು ಕೀಮೋ ಬೇಡ, ಮುಂದಿನ ವಾರ ಬನ್ನಿ ಅಂದರು. ಅದೇ ರಾತ್ರಿ ಅದೇ ಬಸ್ಸಿನಲ್ಲಿ ವಾಪಸ್.

ದೊಡ್ಡಪ್ಪ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಖರ್ಚು ಬರೆದಿಟ್ಟಿದ್ದರು. ಬಸ್ಸು, ಆಟೋ, ಲಾಡ್ಜು, ಎಳನೀರು, ಮತ್ತೆ ಆಟೋ. ಔಷಧಿಯ ಸಾಲಿನಲ್ಲಿ ಸೊನ್ನೆ. ಆಗ ಕೊನೆ ಕೊಯ್ಲಿನ ಸಮಯ. ಅಂಗಳದಲ್ಲಿ ಅಡಿಕೆ ಬಿದ್ದಿದೆ, ಸುಲಿಯುವವರು ಬಂದು ಕೂತಿದ್ದಾರೆ, ಮನೆಯಲ್ಲಿ ಇಬ್ಬರೂ ಇಲ್ಲ. ನಾಲ್ಕನೇ ಸಲ ಅವರು ಹೋಗಲೇ ಇಲ್ಲ. ಶಿವಮೊಗ್ಗದಲ್ಲೇ ಮಾಮೂಲಿ ಚಿಕಿತ್ಸೆ ಮುಗಿಸಿದರು. ಈಗ ಚೆನ್ನಾಗಿದ್ದಾರೆ. ಎಷ್ಟೋ ದಿನದ ಮೇಲೆ ಆ ಟ್ರಯಲ್‌ನ ಮಾಹಿತಿ ಪತ್ರವನ್ನು ನಾನು ಪೂರ್ತಿ ಓದಿದೆ. ಟಿಕೆಟ್ ತೋರಿಸಿದರೆ ಪ್ರಯಾಣದ ಖರ್ಚು ಕೊಡುತ್ತೇವೆ ಅಂತ ಒಳಗಿನ ಪುಟದಲ್ಲಿ ಬರೆದಿತ್ತು. ನಮಗೆ ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಟಿಕೆಟ್‌ಗಳನ್ನು ನಾವು ಬಸ್ಸಿನಲ್ಲೇ ಬಿಸಾಕಿದ್ದೆವು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಟ್ರಯಲ್ ಅನುದಾನ ಅಂದಾಗಲೆಲ್ಲ ನಾನು ಎರಡು ಬಗೆಯ ದುಡ್ಡನ್ನು ಬೇರೆಬೇರೆ ನೋಡುತ್ತೇನೆ. ಒಂದು, ಔಷಧಿ ಅಥವಾ ಚಿಕಿತ್ಸೆಯನ್ನು ಪರೀಕ್ಷಿಸುವ ದುಡ್ಡು. ಇನ್ನೊಂದು, ಆ ಪರೀಕ್ಷೆಯ ಬಾಗಿಲಿಗೆ ಜನ ಬಂದು ಮುಟ್ಟುವಂತೆ ಮಾಡುವ ದುಡ್ಡು.

ಮೊದಲನೆಯದು ಹೆಚ್ಚಾಗಿ ಔಷಧಿ ಕಂಪನಿಯಿಂದ ಬರುತ್ತದೆ. ಕಂಪನಿ ತನ್ನ ಹೊಸ ಔಷಧಿಯನ್ನು ಪರೀಕ್ಷಿಸುತ್ತದೆ. ಅಗ್ಗದ ಹಳೆ ಮಾತ್ರೆಗೆ ಯಾವ ಕಂಪನಿ ಕೋಟಿಗಟ್ಟಲೆ ಸುರಿಯುತ್ತದೆ ಹೇಳಿ? ಅಲ್ಲಿ ಸಾರ್ವಜನಿಕ ದುಡ್ಡೇ ಬೇಕು. ನಮ್ಮಲ್ಲಿ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಇಂಥ ಸಂಶೋಧನೆಗೆ ಅನುದಾನ ಕೊಡುತ್ತದೆ. 2012ರಲ್ಲಿ ಶುರುವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಹಲವು ಆಸ್ಪತ್ರೆಗಳು ಸೇರಿ ನಡೆಸುವ ಟ್ರಯಲ್‌ಗಳಿಗೆ ಕೊಡುತ್ತದೆ. ಕೇಂದ್ರದ ಅಣುಶಕ್ತಿ ಇಲಾಖೆಯ ನೆರವಿನ ಈ ಜಾಲದಲ್ಲಿ 300ಕ್ಕೂ ಹೆಚ್ಚು ಸಂಸ್ಥೆಗಳಿವೆ, ಬೆಂಗಳೂರಿನ ಕಿದ್ವಾಯಿ ಕೂಡ ಇದೆ.

ಅಪ್ಪಯ್ಯನ ಕಾಯಿಲೆಯದೇ ಉದಾಹರಣೆ ಕೊಡುತ್ತೇನೆ. ಬಾಯಿ ಕ್ಯಾನ್ಸರ್ ಶುರುವಿನ ಹಂತದಲ್ಲಿದ್ದು, ಕುತ್ತಿಗೆಯಲ್ಲಿ ಗಂಟು ಕಾಣದಿದ್ದರೂ ಕುತ್ತಿಗೆಯ ಗ್ರಂಥಿಗಳನ್ನು ಮೊದಲೇ ತೆಗೆಯಬೇಕಾ, ಅಥವಾ ಗಂಟು ಬಂದಮೇಲೆ ತೆಗೆದರೆ ಸಾಕಾ? ಸರ್ಜನ್‌ಗಳಲ್ಲಿ ಇದು ಬಹಳ ವರ್ಷದ ಚರ್ಚೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಟ್ರಯಲ್ ನಡೆಸಿ 2015ರಲ್ಲಿ ಉತ್ತರ ಕೊಟ್ಟರು. ಮೊದಲೇ ತೆಗೆದವರಲ್ಲಿ ಮೂರು ವರ್ಷದ ನಂತರ 80% ಜನ ಬದುಕಿದ್ದರು, ಕಾದು ನೋಡಿದವರಲ್ಲಿ 67.5%. ಇದರಲ್ಲಿ ಮಾರುವ ವಸ್ತುವೇ ಇಲ್ಲ. ಆಪರೇಷನ್ ಯಾವಾಗ ಮಾಡಬೇಕು ಅನ್ನುವ ಪ್ರಶ್ನೆ ಅಷ್ಟೇ. ಇವತ್ತು ಶಿವಮೊಗ್ಗದ ಸರ್ಜನ್ ನಿಮ್ಮ ಅಪ್ಪಯ್ಯನಿಗೆ ಕುತ್ತಿಗೆಯ ಆಪರೇಷನ್ ಕೂಡ ಬೇಕು ಅಂದರೆ, ಆ ಮಾತಿನ ಹಿಂದೆ ಟ್ರಯಲ್‌ಗೆ ಒಪ್ಪಿದ ನೂರಾರು ರೋಗಿಗಳಿದ್ದಾರೆ.

2020ರಲ್ಲಿ ಅದೇ ಸಂಸ್ಥೆಯಿಂದ ಇನ್ನೊಂದು ಟ್ರಯಲ್‌ನ ಫಲಿತಾಂಶ ಬಂತು. ಗುಣಪಡಿಸುವ ಹಂತ ದಾಟಿದ ಬಾಯಿ, ಗಂಟಲಿನ ಕ್ಯಾನ್ಸರ್‌ನ 422 ರೋಗಿಗಳು. ಅರ್ಧ ಜನಕ್ಕೆ ಮೂರು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಸಿಸ್‌ಪ್ಲಾಟಿನ್, ಉಳಿದವರಿಗೆ ಮನೆಯಲ್ಲೇ ನುಂಗುವ ಎರಡು ಹಳೆ ಮಾತ್ರೆ, ಮೆಥೋಟ್ರೆಕ್ಸೇಟ್ ಮತ್ತು ಸೆಲೆಕಾಕ್ಸಿಬ್. ಮಾತ್ರೆಯವರಲ್ಲಿ ಅರ್ಧದಷ್ಟು ಜನ 7.5 ತಿಂಗಳಿಗಿಂತ ಹೆಚ್ಚು ಬದುಕಿದರು, ಡ್ರಿಪ್‌ನವರಲ್ಲಿ ಅರ್ಧದಷ್ಟು ಜನ 6.1 ತಿಂಗಳಿಗಿಂತ ಹೆಚ್ಚು. ಸುಮಾರು ಒಂದೂವರೆ ತಿಂಗಳು ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಆ ದಿನಗಳನ್ನು ರಾತ್ರಿ ಬಸ್ಸಿನಲ್ಲಿ ಕಳೆಯದೆ ಮನೆಯ ಜಗಲಿಯ ಮೇಲೆ ಕಳೆಯಬಹುದು. ಮಲೆನಾಡಿನ ರೋಗಿಗೆ ಅದು ಸಣ್ಣ ವಿಷಯ ಅಲ್ಲ, ಅಲ್ವಾ?

ಇಲ್ಲಿ ನಮಗೆ ಕೇಳಲು ಕಷ್ಟವಾಗುವ ಒಂದು ಮಾತೂ ಇದೆ. ತಂಬಾಕು ಸೇರಿಸದಿದ್ದರೂ ಅಡಿಕೆ ಜಗಿಯುವುದು ಬಾಯಿ ಕ್ಯಾನ್ಸರ್‌ಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 20 ವರ್ಷದ ಹಿಂದೆಯೇ ಹೇಳಿದೆ. ನಮ್ಮ ಮನೆಯಲ್ಲೂ ಅನ್ನ ಹುಟ್ಟುವುದು ಅಡಿಕೆಯಿಂದಲೇ. ಅದಕ್ಕೇ ಬಾಯಿ ಕ್ಯಾನ್ಸರ್ ಟ್ರಯಲ್‌ಗಳಲ್ಲಿ ನಮ್ಮ ಕಡೆಯ ರೋಗಿಗಳೂ ಇರಬೇಕು ಅನ್ನುತ್ತೇನೆ.

ಇರಬೇಕಾದರೆ ಎರಡನೇ ಬಗೆಯ ದುಡ್ಡು ಬೇಕು. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ನಿಮ್ಮ ಊರಿಂದ ಶಿವಮೊಗ್ಗಕ್ಕೆ ಬರುವುದೇ ಒಂದು ಪ್ರಯಾಣ. ಮಣಿಪಾಲ ಹತ್ತಿರ ಅನ್ನೋಣ ಅಂದರೆ ಮಳೆಗಾಲದ ಘಾಟಿ. ಅಮೆರಿಕದಲ್ಲಿ ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2014ರಿಂದ ಎನ್‌ಕಾರ್ಪ್ ಅನ್ನುವ ಕಾರ್ಯಕ್ರಮ ನಡೆಸುತ್ತಿದೆ. ರೋಗಿಯನ್ನು ದೊಡ್ಡ ಊರಿಗೆ ಕರೆಸುವ ಬದಲು, ಸಣ್ಣ ಊರಿನ ಆಸ್ಪತ್ರೆಗಳಿಗೇ ಅನುದಾನ ಕೊಟ್ಟು ಟ್ರಯಲ್ ಅಲ್ಲಿಗೆ ಬರುವಂತೆ ಮಾಡುವುದು ಅದರ ದಾರಿ. ರೋಗಿಗೆ ಪ್ರಯಾಣ, ವಸತಿಯ ಖರ್ಚು ಕೊಡುವುದನ್ನು ಆಮಿಷ ಅಂತ ಎಣಿಸುವುದಿಲ್ಲ ಎಂದು 2018ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯೇ ಹೇಳಿತು. ಇಷ್ಟೆಲ್ಲ ಇದ್ದೂ ಅಲ್ಲಿ ಚಿಕಿತ್ಸೆಯ ಟ್ರಯಲ್ ಸೇರುವ ವಯಸ್ಕ ರೋಗಿಗಳು 100ಕ್ಕೆ 10 ಜನವೂ ಇಲ್ಲ.

ನಮ್ಮ ಜಿಲ್ಲೆಗೆ ಇಂಥ ಅನುದಾನ ಬಂದರೆ ಅದನ್ನು ಯಂತ್ರಕ್ಕೆ ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ. ಮೊದಲು ಒಬ್ಬ ನರ್ಸನ್ನು ನೇಮಿಸಲಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಜಾಗದಲ್ಲಿ ಕೂತು, ಯಾವ ರೋಗಿಗೆ ಯಾವ ಟ್ರಯಲ್ ಹೊಂದುತ್ತದೆ ಅಂತ ನೋಡಿ, ನಮ್ಮ ಮಾತಲ್ಲಿ ವಿವರಿಸುವವರು. ರಕ್ತಪರೀಕ್ಷೆ ಎರಡು ದಿನ ಮೊದಲೇ ಸಾಗರದಲ್ಲೋ ಶಿವಮೊಗ್ಗದಲ್ಲೋ ಆಗಲಿ, ರಿಪೋರ್ಟ್ ಫೋನಿನಲ್ಲಿ ಹೋಗಲಿ. ದೊಡ್ಡಮ್ಮನ ಆ ಮೂರನೇ ಪ್ರಯಾಣ ಉಳಿಯುತ್ತಿತ್ತು. ಬಸ್ ಚಾರ್ಜನ್ನು ಆಮೇಲೆ ಬಿಲ್ ನೋಡಿ ಕೊಡುವುದಕ್ಕಿಂತ ಮೊದಲೇ ಕೈಗೆ ಕೊಡಲಿ.

ಈಗ ಅಮ್ಮನ ಹೆದರಿಕೆ. ಅದನ್ನು ಸುಮ್ನೆ ತಳ್ಳಿಹಾಕಬೇಡಿ. ಒಪ್ಪಿಗೆಯನ್ನು ಸರಿಯಾಗಿ ಪಡೆಯದೆ ಟ್ರಯಲ್ ನಡೆಸಿದ ದೂರುಗಳು ನಮ್ಮ ದೇಶದಲ್ಲಿ ಬಂದದ್ದು ನಿಜ. ನಿಯಮ ಬಿಗಿಯಾದದ್ದೂ ಅದರಿಂದಲೇ. ಹೊಸ ಔಷಧಿಯ ಟ್ರಯಲ್‌ಗಳಿಗೆ ಈಗ 2019ರ ನಿಯಮಗಳಿವೆ. ನೈತಿಕ ಸಮಿತಿ ಒಪ್ಪಬೇಕು, ಅದರಲ್ಲಿ ವೈದ್ಯರಲ್ಲದ ಸಾಮಾನ್ಯರು, ಕಾನೂನು ಬಲ್ಲವರು, ಮಹಿಳೆ ಇರಲೇಬೇಕು. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಅಂಗವೈಕಲ್ಯವೋ ಸಾವೋ ಆದರೆ ಪರಿಹಾರ. ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಬಿಟ್ಟರು ಅಂತ ಆಸ್ಪತ್ರೆಯವರು ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಯಾರಿಗೆ ಯಾವ ಚಿಕಿತ್ಸೆ ಅನ್ನುವುದನ್ನು ಹೆಚ್ಚಾಗಿ ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತದೆ. ಆದರೆ ಒಳ್ಳೆಯ ಚಿಕಿತ್ಸೆ ಇರುವ ಕ್ಯಾನ್ಸರ್‌ನಲ್ಲಿ ಒಂದು ಗುಂಪಿಗೆ ಬರೀ ಸಕ್ಕರೆ ಮಾತ್ರೆ ಕೊಟ್ಟು ಕೂರಿಸುವುದಿಲ್ಲ. ಈಗಿನ ಚಿಕಿತ್ಸೆಗೂ ಹೊಸದಕ್ಕೂ ಹೋಲಿಕೆ ನಡೆಯುತ್ತದೆ.

ಮಾಹಿತಿ ಪತ್ರವನ್ನು ಕನ್ನಡದಲ್ಲೇ ಕೇಳಿ. ಮನೆಗೆ ತನ್ನಿ, ಅಮ್ಮನಿಗೂ ಓದಿ ಹೇಳಿ, ಆಮೇಲೆ ಅಪ್ಪಯ್ಯ ಸಹಿ ಹಾಕಲಿ. ಎಷ್ಟು ಸಲ ಬರಬೇಕು, ರಕ್ತಪರೀಕ್ಷೆ ಇಲ್ಲೇ ಮಾಡಿಸಬಹುದಾ, ಬಸ್ ಚಾರ್ಜ್ ಮತ್ತು ಊಟದ ಖರ್ಚು ಕೊಡುತ್ತಾರಾ, ಜೊತೆಗೆ ಬರುವವರಿಗೂ ಉಂಟಾ, ನಡುರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು ಅಂತ ನೇರವಾಗಿ ಕೇಳಿ. ಕೇಳಲು ನಾಚಿಕೆ ಬೇಡ. ಅಪ್ಪಯ್ಯ ಕಷಾಯ, ಚಕ್ಕೆಪುಡಿ ಕುಡಿಯುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಆನಂದಪುರದ ಹತ್ತಿರದ ನರಸೀಪುರಕ್ಕೆ ದೇಶದ ಮೂಲೆಮೂಲೆಯಿಂದ ಜನ ನಾಟಿ ಔಷಧಿಗೆ ಬಂದದ್ದನ್ನು ಕಂಡವರು ನಾವು, ವೈದ್ಯರು ಬೈದಾರು ಅಂತ ಹೇಳದೆ ಇರುವವರೇ ಜಾಸ್ತಿ. ಕೀಮೋ ಜೊತೆಗೆ ಅದು ಹೊಂದುತ್ತದಾ ಅಂತ ಅವರಿಗೆ ಗೊತ್ತಿರಬೇಕು.

ಭಾರತದಲ್ಲಿ ನಡೆಯುವ ಟ್ರಯಲ್‌ಗಳು ಸಿಟಿಆರ್‌ಐ ಅನ್ನುವ ಸರ್ಕಾರಿ ನೋಂದಣಿ ತಾಣದಲ್ಲಿರುತ್ತವೆ. 2007ರಲ್ಲಿ ಐಸಿಎಂಆರ್ ಇದನ್ನು ಶುರು ಮಾಡಿತು. ಅದು ಇಂಗ್ಲಿಷಿನಲ್ಲಿದೆ, ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಹುಡುಕಿಸಿ. ಟ್ರಯಲ್‌ಗೆ ಸೇರಿಸುತ್ತೇನೆ, ಇಷ್ಟು ದುಡ್ಡು ಕೊಡಿ ಅನ್ನುವವರು ಸಿಕ್ಕರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಯಾಣಕ್ಕೆ ಈಗಲೇ ಇರುವ ನೆರವನ್ನೂ ಬಿಡಬೇಡಿ. ಆಸ್ಪತ್ರೆಯ ಪ್ರಮಾಣಪತ್ರ ಇದ್ದರೆ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ 75%. ಬಸ್ಸಿನಲ್ಲಾದರೆ ಜೊತೆಗೆ ಅಮ್ಮನೋ ಮನೆಯ ಬೇರೆ ಹೆಂಗಸರೋ ಹೋಗಲಿ, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಶಕ್ತಿ ಯೋಜನೆ ಇದೆ.

ಒಂದು ಅವಸರದ ಮಾತು. ಚಿಕಿತ್ಸೆ ಶುರುವಾದ ಮೇಲೆ ಕೆಲವು ಟ್ರಯಲ್‌ಗಳಿಗೆ ಸೇರಿಸಿಕೊಳ್ಳುವುದಿಲ್ಲ. ಆದ್ದರಿಂದ ಅಪ್ಪಯ್ಯನಿಗೆ ಹೊಂದುವ ಟ್ರಯಲ್ ಇದೆಯಾ ಅಂತ ಈ ವಾರವೇ ವೈದ್ಯರನ್ನು ಕೇಳಿ. ಇಲ್ಲ ಅಂದರೆ ಅದಕ್ಕೆಂದು ಕಾಯಬೇಡಿ, ಚಿಕಿತ್ಸೆ ಶುರು ಮಾಡಿಸಿ. ಬಯಾಪ್ಸಿ ಮಾಡಿದ ಕಡೆ ರಿಪೋರ್ಟ್ ಜೊತೆಗೆ ಗಾಜಿನ ಸ್ಲೈಡ್ ಮತ್ತು ಬ್ಲಾಕ್ ಕೂಡ ಕೇಳಿ ಇಸಿದುಕೊಳ್ಳಿ. ಬ್ಲಾಕ್ ಅಂದರೆ ಹೆಬ್ಬೆರಳಿನಷ್ಟು ಅಗಲದ ಪ್ಲಾಸ್ಟಿಕ್ ಚೌಕದಲ್ಲಿರುವ ಮೇಣದ ತುಂಡು, ಅಪ್ಪಯ್ಯನ ಗಡ್ಡೆಯ ಚೂರು ಅದರೊಳಗೆ ಇರುತ್ತದೆ. ದೊಡ್ಡ ಆಸ್ಪತ್ರೆಯವರು ಮೊದಲು ಕೇಳುವುದೇ ಅದನ್ನು. ಬಿಸಿಲಿಗೆ, ಒಲೆಯ ಹತ್ತಿರ ಇಡಬೇಡಿ, ಮೇಣ ಕರಗುತ್ತದೆ. ಬಸ್ ಟಿಕೆಟ್‌ಗಳನ್ನೂ ಅದೇ ಫೈಲಿನಲ್ಲಿ ಹಾಕಿಡಿ.